ಖಾಲಿ ಫೋನಿಗೆ ಜೀವ ಕೊಡುವ ಡಬ್ಬಾ ರಾಯರು

ಇವತ್ತು ಹೇಳಿಬಿಡಲೇ? ಹೇಳಿದರೆ ಆಕೆ ಮತ್ತೆ ಈ ಬಾಗಿಲಿಗೆ ಬರುವುದಿಲ್ಲ. ಹೇಳದಿದ್ದರೆ ತಾನು ಕೊಡುತ್ತಿರುವುದು ಆಸೆಯೋ, ಮೋಸವೋ?

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಹಡಿ ಮೆಟ್ಟಿಲ ಕೆಳಗಿನ ಇಕ್ಕಟ್ಟಾದ ಅಂಗಡಿಯಲ್ಲಿ ಡಬ್ಬಾ ರಾಯರು ಹಳೆಯ ಫೋನೊಂದರ ಬೆನ್ನು ಬಿಚ್ಚಿಕೊಂಡು ಕೂತಿದ್ದಾರೆ. ಉಬ್ಬಿದ ಬ್ಯಾಟರಿಯನ್ನು ತೆಳುವಾದ ಪ್ಲಾಸ್ಟಿಕ್ ಚೂರಿನಿಂದ ಮೆಲ್ಲಗೆ ಎಬ್ಬಿಸುತ್ತಾರೆ, ಗಾಯದ ಮೇಲಿನ ಬಟ್ಟೆ ಬಿಚ್ಚುವವರ ಹಾಗೆ, ಉಸಿರು ಹಿಡಿದು.

ಹೆಸರು ಬೀದಿಯವರು ಕೊಟ್ಟದ್ದು. ಹೇಳಿದ ಮಾತು ಕೇಳದ ಫೋನಿಗೆ ಜನ ಡಬ್ಬಾ ಅನ್ನುತ್ತಾರೆ. ಅಂಥವನ್ನೇ ಮನೆಮನೆ ಸುತ್ತಿ ಕೇಳಿ ತರುವ ಇವರು ಡಬ್ಬಾ ರಾಯರು. ಮೂರು ಸತ್ತ ಫೋನುಗಳಿಂದ ಒಂದನ್ನು ಬದುಕಿಸುತ್ತಾರೆ. ಅದು ಕಾವಲುಗಾರನ ರೇಡಿಯೊ ಆಗುತ್ತದೆ, ಇಲ್ಲವೇ ಹಾಸಿಗೆ ಹಿಡಿದ ಅಜ್ಜನನ್ನು ನೋಡಿಕೊಳ್ಳುವ ಕ್ಯಾಮೆರಾ. ವಾರಕ್ಕೆ ಇಪ್ಪತ್ತು ಬಂದರೆ ಆರೇಳು ಎದ್ದು ಕೂರುತ್ತವೆ.

"ಹೊಸದು ಬಂದ ಕೂಡ್ಲೇ ಹಳೇದನ್ನ ಡ್ರಾಯರ್‌ಗೆ ತಳ್ತಾರೆ. ಕತ್ತಲಲ್ಲೇ ಸಾಯುತ್ತೆ, ಪಾಪ," ಎನ್ನುತ್ತಾರೆ ರಾಯರು. ಅವರ ಹೆಂಡತಿಯ ದೂರು ಬೇರೆ: "ಮಂಚದ ಕೆಳಗೆ ಫೋನು, ಅಕ್ಕಿ ಡಬ್ಬದ ಹಿಂದೆ ಫೋನು. ಊಟಕ್ಕೆ ಬರ್ತೀನೋ ಇಲ್ವೋ ಅಂತ ನನಗೊಂದು ಕರೆ ಮಾಡೋಕೆ ಮಾತ್ರ ಇವರ ಹತ್ರ ಫೋನಿಲ್ಲ!"

ಮೊದಲಿನಿಂದಲೂ ಅವರದೊಂದು ನೇಮವಿತ್ತು. ಫೋನು ಕೈಗೆ ಬಂದೊಡನೆ, ಕೊಟ್ಟವರ ಕಣ್ಣೆದುರೇ ಅದರಲ್ಲಿದ್ದುದನ್ನೆಲ್ಲ ಅಳಿಸುವುದು. ಯಾರ ಮನೆಯ ಫೋಟೊವೂ ಬೇರೆಯವರ ಕೈಗೆ ಸಿಗಬಾರದು. ಆ ನೇಮವೇ ಒಂದು ದಿನ ಮುಳುವಾಯಿತು. ಪಕ್ಕದ ಓಣಿಯಲ್ಲಿ ಬಟ್ಟೆ ಹೊಲಿಯುವ ಹೊಲಿಗೆಯಮ್ಮ ತಮ್ಮ ಹಳೆಯ ಫೋನು ತಂದರು, ಸಿಮ್ ತೆಗೆದು ಪರ್ಸಿಗೆ ಹಾಕಿಕೊಂಡರು. ರಾಯರು ಅಳಿಸಿದರು, ಆಕೆ ನೋಡುತ್ತ ನಿಂತಿದ್ದರು. ತೀರಿಕೊಂಡ ಗಂಡ ಕೆಲಸದ ಜಾಗದಿಂದ ಕಳಿಸುತ್ತಿದ್ದ ಮಾತುಗಳೆಲ್ಲ ಅದರಲ್ಲಿದ್ದವು.

"ಸಿಮ್ ಜೊತೆ ನಮ್ಮವರ ದನಿಯೂ ಬಂತು ಅಂದ್ಕೊಂಡಿದ್ದೆ," ಎನ್ನುತ್ತಾರೆ ಆಕೆ. "ದೊಡ್ಡ ಮಾತೇನಲ್ಲ. ಗ್ಯಾಸ್ ಆಫ್ ಮಾಡಿದ್ಯಾ, ಬಾಗಿಲು ಹಾಕಿದ್ಯಾ, ಇಷ್ಟೇ. ಬೈಗುಳವೇ ಜಾಸ್ತಿ."

ಆ ಸಂಜೆ ಓಡಿ ಬಂದವರ ಮುಖ ನೋಡಿ ರಾಯರ ಬಾಯಿಂದ ಬಂದದ್ದು ಒಂದೇ ಮಾತು: "ನೋಡೋಣ ಅಮ್ಮ." ಫೋನನ್ನು ವಾಪಸು ಕೊಟ್ಟರು. ಅಂದಿನಿಂದ ಆಕೆ ತಿಂಗಳಿಗೊಮ್ಮೆ ಅದನ್ನು ತೋರಿಸಲು ತರುತ್ತಾರೆ. ಆ ಜಾತಿಯ ಫೋನು ತಯಾರಾಗುವುದು ನಿಂತು ಎಷ್ಟೋ ಕಾಲವಾಯಿತು. ಏನೂ ಇಲ್ಲದ ಆ ಒಂದು ಫೋನು ನಿಲ್ಲಬಾರದೆಂದು ರಾಯರು ಅದೇ ಜಾತಿಯ ಸತ್ತ ಫೋನುಗಳನ್ನು ಹುಡುಕಿಕೊಂಡು ಅಲೆಯುತ್ತಾರೆ. ಈಗ ಯಾರೇ ಫೋನು ಕೊಡಲಿ, "ಯಾರದಾದ್ರೂ ದನಿ ಇದೆಯಾ, ಒಮ್ಮೆ ಕೇಳಿಬಿಡಿ," ಎಂದು ಅವರನ್ನು ಕೂರಿಸಿ, ಆಮೇಲೆ ಅಳಿಸುತ್ತಾರೆ.

ನಿನ್ನೆ ಬಿಟ್ಟುಹೋದ ಫೋನಿಗಾಗಿ ಹೊಲಿಗೆಯಮ್ಮ ಬರುತ್ತಾರೆ. "ಏನಪ್ಪ, ನಮ್ಮ ಮುದುಕ ಎದ್ದನಾ?"

"ಎದ್ದಿದ್ದಾನಮ್ಮ. ಸ್ವಲ್ಪ ಗೊಣಗ್ತಾನೆ."

"ಗೊಣಗೋದು ನಮ್ಮವರ ಬುದ್ಧಿ, ಬಿಡು." ಬೆಳಗಿದ ಪರದೆಯನ್ನು ಒರೆಸಿ, ಫೋನನ್ನು ಕಿವಿಗೆ ಹಿಡಿಯುತ್ತಾರೆ. "ಈ ಸಲ ಬರಬಹುದಾ?"

ರಾಯರು ಬಿದ್ದಿಲ್ಲದ ಸ್ಕ್ರೂ ಹುಡುಕುತ್ತಾರೆ. "ಬ್ಯಾಟರಿ ಇದೇ ಕೊನೇದಮ್ಮ. ಇನ್ನು ನನ್ನ ಹತ್ರ ಇಲ್ಲ."

ಆಕೆ ಫೋನನ್ನು ಸೆರಗಿನಲ್ಲಿ ಸುತ್ತಿಕೊಳ್ಳುತ್ತಾರೆ. "ಹಾಗಾದ್ರೆ ಕಮ್ಮಿ ಹಚ್ತೀನಿ," ಎಂದು ಹೊರಟು, ಹೊರಗೆ ಬಂದ ಮೇಲೆ ಪತ್ರಿಕೆಗೆ ಬರೆಯಲು ಬಂದ ನಮ್ಮೆದುರು ದನಿ ತಗ್ಗಿಸುತ್ತಾರೆ. "ಬರಲ್ಲ ಅಂತ ನನಗೇನು ಗೊತ್ತಿಲ್ವಾ? ಅವನು 'ನೋಡೋಣ' ಅಂದ್ರೆ ಒಂದು ತಿಂಗಳು ಹೇಗೋ ಕಳೆಯುತ್ತೆ. ಬೇಕಾದ್ರೆ ಬರ್ಕೊಳ್ಳಿ, ಅವನೆಲ್ಲಿ ಪೇಪರ್ ಓದ್ತಾನೆ!"

ಒಳಗೆ ರಾಯರು ಉಬ್ಬಿದ ಬ್ಯಾಟರಿಯನ್ನು, ಬೆಂಕಿ ಹತ್ತದಿರಲೆಂದು, ಮರಳಿನ ಡಬ್ಬಕ್ಕೆ ಹಾಕುತ್ತಿದ್ದಾರೆ. ಅವರಿಗಿರುವ ಬಯಕೆಯೂ ಒಂದೇ. "ಯಾರ ಡ್ರಾಯರ್‌ನಲ್ಲಾದ್ರೂ ಈ ಥರದ ಫೋನು ಬಿದ್ದಿದ್ರೆ ಬಿಸಾಡಬೇಡಿ ಅಂತ ಬರೀರಿ. ಒಡೆದಿದ್ರೂ ಪರವಾಗಿಲ್ಲ."

ಅಳಿಸಿದ್ದು ಮತ್ತೆ ಬರುವುದಿಲ್ಲ ಎಂದು ಅವರು ಆಕೆಗೆ ಇದುವರೆಗೂ ಹೇಳಿಲ್ಲ.