ಅವ್ವನ ಪಾರ್ಟು ಮೈಲಮ್ಮನದು

ಕೊರೊನಾ ಮುಗಿದು ಶಾಲೆಗಳು ಮತ್ತೆ ತೆರೆದ ಮರುವರ್ಷದ ಮಾತಿದು. ಹರಪನಹಳ್ಳಿ ಕಡೆಯ ಒಂದು ಹಳ್ಳಿಯ ಹೈಸ್ಕೂಲಿಗೆ ಕನ್ನಡ ಟೀಚರಾಗಿ ಹೋಗಿದ್ದೆ. ಊರಲ್ಲೇ ಒಂದು ಕೋಣೆ ಹಿಡಿದಿದ್ದೆ. ಹೆತ್ತವರು ತೀರಿಕೊಂಡಿದ್ದರು, ಮದುವೆಯಾಗಿರಲಿಲ್ಲ. ಭಾನುವಾರ ಬಂತೆಂದರೆ ಹಾಲಿನವನನ್ನು ಬಿಟ್ಟು ಇನ್ನೊಬ್ಬರ ಜೊತೆ ಮಾತಿಲ್ಲ.

ವಾರ್ಷಿಕೋತ್ಸವಕ್ಕೆ ನಾಟಕ ಮಾಡಿಸುತ್ತೇನೆಂದು ನಾನಾಗಿಯೇ ಹೆಡ್‌ಮಾಸ್ತರಿಗೆ ಹೇಳಿದೆ. ಆ ನೆವದಲ್ಲಾದರೂ ಸಂಜೆ ಹೊತ್ತು ನಾಲ್ಕು ಮಕ್ಕಳು ಸುತ್ತ ಇರುತ್ತಾರಲ್ಲ ಅನ್ನುವ ಆಸೆ. ಮಗಳ ಓದು ಬಿಡಿಸಹೊರಟ ತಾಯಿ, ಶಾಲೆಗೆ ಕಳಿಸೆಂದು ಹಟ ಹಿಡಿದ ಮಗಳು, ಇಷ್ಟೇ ಕಥೆ. ಪಾರ್ಟು ಬೇಕಾದ ಹುಡುಗಿಯರು ಶಾಲೆ ಬಿಟ್ಟ ಮೇಲೆ ಬನ್ನಿ ಎಂದೆ. ಬಂದವಳು ಒಬ್ಬಳೇ, ಒಂಬತ್ತನೇ ತರಗತಿಯ ಮೈಲಮ್ಮ.

“ಉಳಿದವರೆಲ್ಲಿ?” ಎಂದೆ.

“ಬರಂಗಿಲ್ರೀ ಟೀಚರ್. ಸ್ಟೇಜ್ ಹತ್ತಿದ್ರ ಮನ್ಯಾಗ ಕಾಲು ಮುರೀತಾರ. ನಾನೂ ಅಜ್ಜಿಗಿ ಹೇಳ್ಲಾರ್ದಂಗ ಬಂದೀನಿ.”

ಅವಳ ಅಪ್ಪ, ಅವ್ವ ಕುರಿ ಹಿಂಡಿನ ಜೊತೆ ದೂರ ಹೋಗಿದ್ದರು. ಅಜ್ಜಿಯನ್ನು ಕೇಳಲು ನಾನೇ ಮನೆಗೆ ಹೋದೆ.

“ನಮ್ಮೂರಾಗ ನಾಟಕ ಆಡಿದ್ರ ಹೆಣ್ ಪಾರ್ಟಿಗಿ ಹೊರಗಿನೋರನ್ನ ಕರೆಸ್ತಾರ. ಮನಿ ಹುಡುಗೀನ ಹತ್ತಿಸ್ತಾರೇನವ್ವಾ?” ಎಂದಳು ಅಜ್ಜಿ. ನಾನು ಎದ್ದು ಹೋಗದೆ ಕೂತೇ ಇದ್ದುದನ್ನು ನೋಡಿ, “ಹಂಗಾರ ನೀನೂ ಹತ್ತು. ಅನ್ನೋರು ಇಬ್ರಿಗೂ ಅನ್ಲಿ” ಎಂದು ಹೇಳಿಬಿಟ್ಟಳು.

ಮಕ್ಕಳಿಗೆ ಪಾಠ ಹೇಳುವುದು ಬೇರೆ, ಊರ ಮುಂದೆ ಬಣ್ಣ ಹಚ್ಚಿಕೊಂಡು ನಿಲ್ಲುವುದು ಬೇರೆ. ಆದರೂ ಒಪ್ಪಿದೆ. ಒಪ್ಪದಿದ್ದರೆ ನಾಟಕವೇ ಇರಲಿಲ್ಲ.

“ನಾ ಅವ್ವ ಆಕ್ಕೀನ್ರೀ,” ಎಂದಳು ಮೈಲಮ್ಮ. “ಮಗಳದು ಬರೇ ಅಳೋದೈತಿ. ಬೈಯೋದೆಲ್ಲಾ ಅವ್ವಂದು!”

ವಾರ್ಷಿಕೋತ್ಸವದ ದಿನ ಅವಳು ಮನಸಾರೆ ಬೈದಳು, ಮಗಳ ಪಾರ್ಟಿನಲ್ಲಿ ನಾನು ಅಳುತ್ತ ನಿಂತೆ. ಜನ ಶಿಳ್ಳೆ ಹೊಡೆದರು. ಕೊನೆಗೆ ತಾಯಿ ಕರಗಿ, “ನಾಳಿಂದ ಸಾಲಿಗಿ ಹೋಗು” ಅನ್ನಬೇಕು. ಮೈಲಮ್ಮ ಅನ್ನಲಿಲ್ಲ. ನನ್ನ ಮುಖವನ್ನೇ ಒಂದಷ್ಟು ಹೊತ್ತು ನೋಡಿ, ಮೆಲ್ಲಗೆ ಕೇಳಿದಳು:

“ಉಂಡ್ಯೇನವ್ವಾ?”

ಅದು ನಾನು ಬರೆದ ಮಾತಲ್ಲ. ಇಬ್ಬರ ಮಾತೂ ನನಗೆ ಬಾಯಿಪಾಠ, ಇದಕ್ಕೆ ಮಾತ್ರ ಉತ್ತರ ಬರೆದಿರಲಿಲ್ಲ. ಆ ಊರಿಗೆ ಬಂದ ಮೇಲೆ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ.

ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿ ತಡೆಯಲಾರದೆ ಕೂಗಿದಳು: “ಏ ಟೀಚರಮ್ಮ, ಉಂಡೀಯೋ ಇಲ್ಲೋ ಹೇಳವ್ವ!”

ಜನ ಗೊಳ್ಳೆಂದು ನಕ್ಕರು.

“ಇಲ್ಲ,” ಎಂದೆ. ಬೆಳಗಿನಿಂದ ಉಂಡಿರಲಿಲ್ಲ, ಸುಳ್ಳಲ್ಲ.

“ನಡಿ ಮತ್ತ ಒಳಗ,” ಎಂದು ಮೈಲಮ್ಮ ನನ್ನ ಕೈ ಹಿಡಿದು ಎಳೆದುಕೊಂಡೇ ಹೋದಳು. ನಾಟಕ ಅಲ್ಲಿಗೇ ಮುಗಿಯಿತು.

“ಅಲ್ರೀ ಟೀಚರ್, ಕಡೀಗಿ ಮಗಳನ್ನ ಸಾಲಿಗಿ ಕಳಿಸಿದ್ಲೋ ಇಲ್ಲೋ?” ಎಂದು ಹೆಡ್‌ಮಾಸ್ತರು ಕೇಳಿದಾಗ ನಾನು ಪರದೆಯ ಹಿಂದೆ ಮುಖ ಒರೆಸಿಕೊಳ್ಳುತ್ತಿದ್ದೆ.

ಈಗ ಕೂಡ್ಲಿಗಿಯಲ್ಲಿದ್ದೇನೆ. ಇಲ್ಲೂ ಒಂದೇ ಕೋಣೆ. ಮೈಲಮ್ಮ ಕಾಲೇಜಿಗೆ ಹೋಗುತ್ತಾಳೆ, ಹಬ್ಬಕ್ಕೆ ಫೋನು ಮಾಡುತ್ತಾಳೆ. ಅವತ್ತು ಅವಳು ಬೇಕೆಂದೇ ಕೇಳಿದಳೋ ಏನೋ, ಇವತ್ತಿಗೂ ನಾನು ವಿಚಾರಿಸಿಲ್ಲ. “ಅಯ್ಯ, ಮಾತು ಮರ್ತಿದ್ದೆ ಟೀಚರ್” ಅಂದುಬಿಟ್ಟರೆ ಅನ್ನುವ ಹೆದರಿಕೆ.