ತಾನೇ ಬದಲಾಗುತ್ತಿದ್ದ ಸಂಖ್ಯೆ ಮತ್ತು ಗಿರಿಜಾ ಮೇಡಂ

ಕೆಟ್ಟ ಕಂಪ್ಯೂಟರಿನ ಮುಂದೆ ನಿಂತಾಗ ಗಿರಿಜಾ ಮೇಡಂ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ಕತ್ತು ಸ್ವಲ್ಪ ವಾಲಿಸಿ ಹತ್ತು ನಿಮಿಷ ಸುಮ್ಮನೆ ಪರದೆ ನೋಡುವರು. ನಾನು ಅವಸರಪಟ್ಟು ಏನಾದರೂ ಒತ್ತಲು ಹೋದರೆ, "ಮುಟ್ಟಬ್ಯಾಡ, ಇರಪ್ಪ. ಅದು ಏನು ಹೇಳ್ತೈತೆ ಕೇಳಣ ಮೊದ್ಲು" ಎನ್ನುವರು.

ನಾವಿಬ್ಬರೂ ವಿನೋಬನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿದ್ದೆವು. ಅದರ ಶಾಖೆ ಹರಿಹರದಲ್ಲಿತ್ತು. ಎರಡೂ ಕಡೆಯ ವರದಿಗಳು ನಮ್ಮಲ್ಲಿದ್ದ ಒಂದೇ ಡೇಟಾಬೇಸ್ ಸರ್ವರಿನಲ್ಲಿ ಕೂಡುತ್ತಿದ್ದವು. ಅದನ್ನು ಕಟ್ಟಿ ನಿಲ್ಲಿಸಿದವರು ಮೇಡಂ. ನಾನು ಅವರ ಕೈಕೆಳಗೆ ಸೇರಿ ಎರಡು ವರ್ಷವಾಗಿತ್ತು. ಐವತ್ತು ದಾಟಿದ ಆ ಹೆಂಗಸಿಗೆ ಕಂಡದ್ದನ್ನೆಲ್ಲ ಯಾಕೆ, ಹೇಗೆ ಎಂದು ಕೇಳುವ ಚಟ. ಒಮ್ಮೆ ಮಂಡಕ್ಕಿ ಭಟ್ಟಿಯ ಮುಂದೆ ನಿಂತು, ಮರಳು ಎಷ್ಟು ಕಾದರೆ ಅಕ್ಕಿ ಅರಳುತ್ತದೆ ಎಂದು ವಿಚಾರಿಸುತ್ತ, ತಂದ ಸ್ಕೂಟರನ್ನು ಅಲ್ಲೇ ಮರೆತು ಆಟೋ ಹತ್ತಿ ಕೆಲಸಕ್ಕೆ ಬಂದಿದ್ದರು.

ಆ ವರ್ಷ ಲ್ಯಾಬು ದೊಡ್ಡದಾಗಿ, ಹೊಸ ಕೌಂಟರುಗಳು ಶುರುವಾದವು. ಏಕಕಾಲಕ್ಕೆ ಐವತ್ತು ಸಂಪರ್ಕಗಳನ್ನಷ್ಟೇ ಒಪ್ಪುತ್ತಿದ್ದ ಸರ್ವರಿನ ಮಿತಿಯನ್ನು ನಾನು ಇನ್ನೂರಕ್ಕೆ ಏರಿಸಿದೆ. ಕೆಲವು ದಿನ ಎಲ್ಲ ಸಲೀಸಾಗಿತ್ತು. ಆಮೇಲೊಂದು ಬೆಳಿಗ್ಗೆ ಕೌಂಟರುಗಳೆಲ್ಲ ನಿಂತುಹೋದವು. ನೋಡಿದರೆ, ಇನ್ನೂರು ಮತ್ತೆ ಐವತ್ತಾಗಿತ್ತು. ಸರಿಮಾಡಿದೆ. ವಾರ ಕಳೆದ ಮೇಲೆ ಮತ್ತೆ ಐವತ್ತು. ಡೇಟಾಬೇಸನ್ನು ಹತ್ತು ಸಲ ನಿಲ್ಲಿಸಿ ಶುರುಮಾಡಿ ಪರೀಕ್ಷಿಸಿದೆ. ಇನ್ನೂರು ಇನ್ನೂರಾಗಿಯೇ ಉಳಿಯಿತು. ಅಂದರೆ ಯಾರೋ ಬದಲಾಯಿಸುತ್ತಿದ್ದಾರೆ ಎಂದುಕೊಂಡೆ. ಯಾರು ಯಾವಾಗ ಲಾಗಿನ್ ಆದರೆಂಬ ದಾಖಲೆ ತೆಗೆದರೆ, ಸಂಖ್ಯೆ ಬದಲಾದ ಪ್ರತಿ ಸಲವೂ ಮೊದಲು ಒಳಬಂದ ಹೆಸರು ಒಂದೇ: ಹರಿಹರದ ಆಪರೇಟರ್ ಮಂಜುನಾಥ.

ನಾನು ನೇರ ಡಾಕ್ಟರ ಹತ್ತಿರ ಹೋಗಿ ಹೇಳಿಬಿಟ್ಟೆ. ಲ್ಯಾಬಿನ ಮಾಲೀಕರಾದ ಅವರು ಅಂದು ಮೊದಲೇ ರೇಗಿದ್ದರು. ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಗೆ ಕಾಯುತ್ತಿದ್ದ ಹೆಣ್ಣುಮಗಳ ವರದಿ ಮೂರು ತಾಸು ತಡವಾಗಿತ್ತು. "ನಾಳೆಯಿಂದ ಅವ್ನು ಬರೋದು ಬ್ಯಾಡ" ಎಂದರು.

ಮೇಡಂ ನಡುವೆ ಬಂದರು. "ನಾಕು ದಿನ ಕೊಡ್ರಿ ಸರ್. ಅವ್ನು ಮೊದ್ಲು ಒಳಗೆ ಬಂದಾನೆ, ಅಷ್ಟು ಗೊತ್ತೈತೆ. ಸಂಖ್ಯೆ ಬದ್ಲು ಮಾಡಿದ್ದು ಯಾರು ನೋಡ್ಯಾರೆ?"

ಮರುದಿನ ನನ್ನನ್ನೂ ಕರೆದುಕೊಂಡು ಹರಿಹರದ ಬಸ್ಸು ಹತ್ತಿದರು. ಫೋನಿನಲ್ಲೇ ಕೇಳಬಹುದಿತ್ತಲ್ಲ ಎಂದೆ. "ಫೋನ್‌ನಾಗೆ ಕೇಳಿದ್ರೆ ಅವ್ನು ಹೆದರಿ ಇಲ್ಲ ಅಂತಾನೆ, ಅಷ್ಟೇ. ಅವ್ನು ಏನು ಕಂಡಾನೆ ಅನ್ನೋದು ನಂಗೆ ಬೇಕು" ಎಂದರು.

"ಬರ್ರಿ ಮೇಡಂ, ಕೂಡ್ರಿ" ಎಂದ ಮಂಜುನಾಥ ನನ್ನ ಮುಖ ನೋಡಲಿಲ್ಲ. ಮೇಡಂ ಸಂಖ್ಯೆಯ ಮಾತೇ ಎತ್ತದೆ, "ಸಿಸ್ಟಮ್ ನಿಂತ ದಿನ ನಿಂಗೆ ಹೆಂಗೆ ಕಾಣ್ತಿತ್ತು?" ಎಂದು ಕೇಳಿದರು. ಅವನು ಡ್ರಾಯರಿನಿಂದ ಒಂದು ನೋಟ್‌ಬುಕ್ ತೆಗೆದ. ನಿಂತ ಪ್ರತಿ ದಿನದ ತಾರೀಕು, ಹೊತ್ತು ಬರೆದಿಟ್ಟಿದ್ದ. "ನಮ್ಮಲ್ಲಿ ಕರೆಂಟ್ ಇರ್ತಿತ್ತು ಮೇಡಂ. ಲೈನ್ ಫಟ್ ಅಂತ ಕಟ್ ಆಗೋದು. ಜನ ಕಾಯ್ತಿರ್ತಾರೆ, ಹಂಗಾಗಿ ಬಿಡದಂಗೆ ಲಾಗಿನ್ ಒತ್ತುತಿದ್ದೆ. ಬಂದ ತಕ್ಷಣ ಒಳಗೆ ಹೋಗ್ತಿದ್ದೆ."

ಮೇಡಂ ಆ ಪುಟಗಳನ್ನು ನಕಲು ಮಾಡಿಕೊಂಡರು. ವಿನೋಬನಗರಕ್ಕೆ ಬಂದವರೇ ವಾಚ್‌ಮನ್ನಿನಿಂದ ಜನರೇಟರ್ ಓಡಿದ ಹೊತ್ತು ಬರೆದಿಡುವ ಪುಸ್ತಕ ತರಿಸಿದರು. ತಾರೀಕುಗಳು ಒಂದಕ್ಕೊಂದು ಕೂಡಿಬಂದವು. ನಮ್ಮಲ್ಲಿ ಕರೆಂಟು ಹೋದಾಗ, ಜನರೇಟರ್ ಏಳುವಷ್ಟರಲ್ಲಿ ಬ್ಯಾಟರಿ ಸೋತು ಸರ್ವರೇ ಆರಿಹೋಗಿ, ಆಮೇಲೆ ತಾನಾಗಿ ಏಳುತ್ತಿತ್ತು.

"ನೀನು ಡೇಟಾಬೇಸ್ ಒಂದೇ ನಿಲ್ಸಿ ನೋಡಿದಿ. ಇಡೀ ಮಷೀನ್ ಆರ್ಸಿ ನೋಡಿದ್ಯಾ?"

ನೋಡಿರಲಿಲ್ಲ. ಭಾನುವಾರ ಮಧ್ಯಾಹ್ನ ಲ್ಯಾಬು ಮುಚ್ಚಿದ ಮೇಲೆ, ವರದಿಗಳ ನಕಲು ಪ್ರತಿ ತೆಗೆದಿಟ್ಟು, ಯಂತ್ರವನ್ನು ಆರಿಸಿ ಮತ್ತೆ ಶುರುಮಾಡಿದೆವು. ಇನ್ನೂರು ನಮ್ಮ ಕಣ್ಣೆದುರೇ ಐವತ್ತಾಯಿತು. "ಸಿಕ್ತು ನೋಡು!" ಎಂದು ಮೇಡಂ ಚಪ್ಪಾಳೆ ತಟ್ಟಿದರು. ಯಂತ್ರ ಏಳುವಾಗ ತಾನಾಗಿ ಓಡುವ ಕೆಲಸಗಳನ್ನು ಒಂದೊಂದಾಗಿ ತೆರೆಯುತ್ತ ಹೋದೆವು. ಐದನೆಯದು ಮೂರೇ ಸಾಲಿನದು: ಹಳೆಯ ಸೆಟ್ಟಿಂಗ್ ಕಡತವನ್ನು ತಂದು ಹೊಸದರ ಮೇಲೆ ಹೊದಿಸುತ್ತಿತ್ತು. ಇಷ್ಟು ವರ್ಷ ಎರಡರಲ್ಲೂ ಐವತ್ತೇ ಇದ್ದುದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಮೇಲೆ ಬರೆದವರ ಹೆಸರಿತ್ತು: ಗಿರಿಜಾ.

ಮೇಡಂ ಪರದೆಯ ಹತ್ತಿರ ಬಾಗಿ ಆ ಮೂರು ಸಾಲನ್ನು ಮತ್ತೊಮ್ಮೆ ಓದಿದರು. ಆಮೇಲೆ, "ಹಳೇ ಡಿಸ್ಕ್ ಕೆಟ್ಟಾಗ ಎರಡು ದಿನಕ್ಕೆ ಅಂತ ಬರ್ದಿದ್ದೆ. ತೆಗೆಯೋದು ಮರ್ತೆ" ಎಂದರು. ಅಳಿಸಿಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ಅದನ್ನು ಕಾಗದದ ಮೇಲೆ ಮುದ್ರಿಸಿ, ತಮ್ಮ ಹೆಸರಿಗೆ ಕೆಂಪು ಗೆರೆ ಎಳೆದು, ಸೋಮವಾರ ಡಾಕ್ಟರ ಮೇಜಿನ ಮೇಲಿಟ್ಟರು. ಮಂಜುನಾಥನ ಕೆಲಸ ಉಳಿಯಿತು. ನಾನು ಹರಿಹರಕ್ಕೆ ಹೋಗಿ ತಪ್ಪಾಯಿತು ಎಂದೆ. ಅವನು ಚಹಾ ತರಿಸಿದ. ನಾವಿಬ್ಬರೂ ಸರಿಯಾಗಿ ಮಾತಾಡಲು ಮತ್ತೆ ಆರು ತಿಂಗಳು ಬೇಕಾಯಿತು.

ನಿವೃತ್ತಿಯಾದ ಮೇಲೆ ಮೇಡಂ ಅವರ ಕಣ್ಣು ಮಂಜಾಯಿತು. ಎಸ್.ಎಸ್. ಬಡಾವಣೆಯ ಅವರ ಮನೆಗೆ ನಾನು ಹೋದಾಗಲೆಲ್ಲ, "ಈ ವಾರ ಏನು ಕೆಟ್ಟೈತಪ್ಪಾ?" ಎಂದು ಕುರ್ಚಿ ಎಳೆದುಕೊಳ್ಳುವರು. ಕೊನೆಯ ಸಲ ನಾನು ಹೇಳಿದ್ದು, ಹರಿಹರದಲ್ಲಿ ಬಳಸದೆ ಬಿಟ್ಟ ಒಂದು ಕಂಪ್ಯೂಟರಿನ ಗಡಿಯಾರದ ಸುದ್ದಿ. ಅದು ಗುರುವಾರ ಮಾತ್ರ ಮೂರು ನಿಮಿಷ ಹಿಂದೆ ಬೀಳುತ್ತಿತ್ತು.

"ಗುರುವಾರನೇ ಯಾಕ? ಬುಧವಾರ ಅದ್ರ ಹತ್ರ ಯಾರು ಹೋಗ್ತಾರೆ, ನೋಡಿದ್ಯಾ?" ಅವರ ಮುಖ ಅರಳಿತ್ತು. "ನೋಡಿ ಬಂದು ಹೇಳು."

ಮುಂದಿನ ಗುರುವಾರದೊಳಗೆ ಅವರು ತೀರಿಕೊಂಡರು. ಗಡಿಯಾರ ಸರಿಮಾಡುವುದು ಅರೆನಿಮಿಷದ ಕೆಲಸ. ನಾನಿನ್ನೂ ಮಾಡಿಲ್ಲ. ಈಗಲೂ ಬುಧವಾರ ಹರಿಹರದಲ್ಲಿ ಕೆಲಸ ಬಿದ್ದರೆ ಆ ಕಂಪ್ಯೂಟರಿರುವ ಕೋಣೆಯಲ್ಲೊಂದು ಕುರ್ಚಿ ಹಾಕಿಕೊಂಡು, ಯಾರು ಬರುತ್ತಾರೆಂದು ನೋಡುತ್ತ ಕೂರುತ್ತೇನೆ.