ಕಡ್ಡಿ ಇಟ್ಟ ಲದ್ದಿ

ನನ್ನ ಜೀವಮಾನದಲ್ಲಿ ಹತ್ತು ಮಂದಿಯ ಮುಂದೆ ವಾದ ಮಾಡಿ ನಾನು ಗೆದ್ದದ್ದು ಒಂದೇ ಒಂದು ನ್ಯಾಯ. ಅದು ಕುದುರೆಯ ಲದ್ದಿಯದು. ಹೇಳಿಕೊಳ್ಳುವುದಕ್ಕೆ ನಾಚಿಕೆಯಾಗಬೇಕಿತ್ತೇನೋ, ಆಗುವುದಿಲ್ಲ. ಹೊಲದ ಬದುವಿಗಾಗಿ ಜಗಳಾಡಿ ಗೆದ್ದವರು ಮೀಸೆ ತಿರುವುತ್ತಾರೆ. ನನಗೆ ಮೀಸೆಯಿಲ್ಲ, ಅಷ್ಟೇ ವ್ಯತ್ಯಾಸ.

ಎಂಬತ್ತರ ದಶಕದ ನಡುವಿನ ಮಾತು. ಮಿಶ್ರಿಕೋಟಿಯಲ್ಲಿ ಬಸ್ಸಿಳಿದು ಗದ್ದೆಗಳ ನಡುವೆ ಅರ್ಧ ತಾಸು ನಡೆದರೆ ಸಿಗುವ ಒಂದು ಊರಿನಲ್ಲಿ ನಾನು ಬಾಲವಾಡಿ ನಡೆಸುತ್ತಿದ್ದೆ. ಕಲಿಸುವ ಹೆಂಗಸರನ್ನು ಅಲ್ಲಿ ಅಕ್ಕೋರು ಅನ್ನುತ್ತಾರೆ, ಹಾಗಾಗಿ ನನ್ನ ವಯಸ್ಸಿನ ಎರಡು ಪಟ್ಟು ದೊಡ್ಡವರಿಗೂ ನಾನು ಅಕ್ಕೋರೇ. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಬಮ್ಮಿಗಟ್ಟಿಯ ಅಣ್ಣನ ಮನೆ ಸೇರಿದ್ದೆ. ಅಣ್ಣ ಕೆಟ್ಟವನಲ್ಲ. ಆದರೆ ಆ ಮನೆಯಲ್ಲಿ ಎರಡನೇ ಸಲ ಚಹಾ ಕುಡಿಯಬೇಕೆಂದರೂ ಅತ್ತಿಗೆಯ ಮುಖ ನೋಡಬೇಕಿತ್ತು. ಬಾಲವಾಡಿ ಸಿಕ್ಕ ಮೇಲೆ ಈ ಊರಿನಲ್ಲಿ ಒಂದು ಖೋಲಿ ಹಿಡಿದೆ. ಅದರ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ದಿನ ನಾನು ಬೇಕಂತಲೇ ಎರಡು ಸಲ ಚಹಾ ಮಾಡಿ ಕುಡಿದೆ.

ಬಾಲವಾಡಿ ನಡೆಯುತ್ತಿದ್ದುದು ಊರ ಚಾವಡಿಯ ಪಡಸಾಲೆಯಲ್ಲಿ. ಮುಂದೆ ಬಯಲು, ಬಯಲಲ್ಲಿ ಬೇವಿನ ಗಿಡ, ಗಿಡದ ಸುತ್ತ ಕಲ್ಲಿನ ಕಟ್ಟೆ. ಹಿರಿಯರು ಕೂರುವುದು ಅಲ್ಲೇ, ಹೆಂಗಸರು ನೀರಿಗೆ ಹೋಗುವ ದಾರಿ ಅದೇ, ನನ್ನ ಮಕ್ಕಳು ಆಡುವುದೂ ಅಲ್ಲೇ. ದಿನಾ ಹತ್ತು ಗಂಟೆಗೆ ಗೌಡರ ಸವಾರಿ ಬಂದು ನಿಲ್ಲುವುದೂ ಅಲ್ಲೇ.

ಗೌಡರಿಗೆ ಒಂದು ಕಂದು ಕುದುರೆ ಇತ್ತು. ಅವರ ತಮ್ಮ ಆಗಲೇ ಫಟಫಟಿ, ಅಂದರೆ ಮೋಟರ್ ಸೈಕಲ್ಲು, ತಂದಿದ್ದ. ಅದು ಗದ್ದೆಯ ರಾಡಿಯಲ್ಲಿ ಹೂತುಕೊಂಡಾಗಲೆಲ್ಲ ಎಳೆಯಲು ನಾಲ್ಕು ಜನ ಬೇಕಾಗುತ್ತಿತ್ತು, ಗೌಡರು ಮಾತ್ರ ಕುದುರೆಯ ಮೇಲೆ ಕಾಲಿಗೆ ಕೆಸರು ಹತ್ತದಂತೆ ತಿರುಗಿ ಬರುತ್ತಿದ್ದರು. ಬೆಳಗ್ಗೆ ಹೊಲ ಸುತ್ತಿ ಚಾವಡಿಗೆ ಬಂದು, ಕುದುರೆಯನ್ನು ಗೂಟಕ್ಕೆ ಕಟ್ಟಿ, ಹಿರಿಯರಿಗೆ ಪೇಪರು ಓದಿ ಹೇಳುತ್ತಿದ್ದರು. ಅವರು ಓದಿ ಮುಗಿಸುವುದರೊಳಗೆ ಕುದುರೆ ತನ್ನ ಕೆಲಸ ಮುಗಿಸಿರುತ್ತಿತ್ತು. ಸರಿಯಾಗಿ ಅದೇ ಹೊತ್ತಿಗೆ ನನ್ನ ಮಕ್ಕಳು ಉಪ್ಪಿಟ್ಟಿನ ತಾಟು ಹಿಡಿದು ಕೂರುತ್ತಿದ್ದರು.

ಆಕಳ ಸಗಣಿಯಾಗಿದ್ದರೆ ಮಾತೇ ಇರಲಿಲ್ಲ. ನಮ್ಮ ಊರುಗಳಲ್ಲಿ ಸಗಣಿ ಬೀದಿಯಲ್ಲಿ ಒಂದು ಗಳಿಗೆಯೂ ಉಳಿಯುವುದಿಲ್ಲ. ಮೊದಲು ಕಂಡವಳು ಅದರ ಮೇಲೆ ಒಂದು ಕಡ್ಡಿ ಇಟ್ಟು ಬುಟ್ಟಿ ತರಲು ಹೋಗುತ್ತಾಳೆ. ಕಡ್ಡಿ ಇಟ್ಟ ಸಗಣಿಯನ್ನು ಮತ್ತೊಬ್ಬರು ಮುಟ್ಟುವಂತಿಲ್ಲ. ಮುಟ್ಟಿದರೆ ಅದು ಕಳವು, ಮನೆ ಮುಂದೆ ಬಂದು ಬೈದು ಹೋಗುತ್ತಾರೆ. ಚಿಕ್ಕಂದಿನಲ್ಲಿ ನಾನೂ ದನಗಳ ಹಿಂದೆ ಓಡಿ ಎಷ್ಟೋ ಕಡ್ಡಿ ಇಟ್ಟವಳು. ಆದರೆ ಕುದುರೆಯ ಲದ್ದಿ ಯಾರಿಗೂ ಬೇಡ. ಅದು ನೆಲ ಸಾರಿಸಲು ಬರುವುದಿಲ್ಲ, ಒಲೆಗೆಂದು ಕುಳ್ಳು ತಟ್ಟಿದರೆ ಒಡೆಯುತ್ತದೆ. ಹಾಗಾಗಿ ಬಿದ್ದಲ್ಲೇ ಬಿದ್ದಿರುತ್ತಿತ್ತು, ನೊಣಗಳು ಅಲ್ಲಿಂದೆದ್ದು ಉಪ್ಪಿಟ್ಟಿಗೆ ಬರುತ್ತಿದ್ದವು.

ತಾಯಂದಿರು ಒಬ್ಬೊಬ್ಬರಾಗಿ ಮಕ್ಕಳನ್ನು ಬಿಡಿಸಿದರು. ಯುಗಾದಿಗೆ ಸ್ವಲ್ಪ ಮೊದಲು ಕಲಘಟಗಿಯಿಂದ ಬಂದ ಮೇಲ್ವಿಚಾರಕಿ ಅರ್ಧ ಖಾಲಿಯಾದ ಪಡಸಾಲೆ ನೋಡಿ ನಿಂತಲ್ಲೇ ಹೇಳಿದರು. “ಶ್ರಾವಣಕ್ಕ ಮತ್ತ ಬರ್ತೀನ್ರಿ. ಅಷ್ಟರಾಗ ಮಕ್ಕಳು ತುಂಬಬೇಕು. ಇಲ್ಲಂದ್ರ ಬಾಲವಾಡಿ ಬಾಜೂ ಊರಿಗೆ ಹೋಗ್ತೈತಿ, ಅಲ್ಲೆ ಬ್ಯಾರೆ ಅಕ್ಕೋರು ತಯಾರದಾರ.” ನನ್ನ ಕೈ ತಾನಾಗಿಯೇ ಸೊಂಟದ ಕೀಲಿಕೈಗೆ ಹೋಯಿತು.

ಮರುದಿನ ಗೌಡರನ್ನು ಕೇಳಿಯೇಬಿಟ್ಟೆ.

“ಗೌಡ್ರ, ಮಕ್ಕಳು ಉಣ್ಣೂ ಜಾಗಾ ಐತ್ರಿ. ಕುದುರಿ ಲದ್ದಿ ಹಾಕಿದ್ರ ಯಾರರ ತಗೀಬೇಕಲ್ರಿ.”

ಅವರು ಪೇಪರಿನಿಂದ ತಲೆ ಎತ್ತಿದರು. ಸಿಟ್ಟೇನೂ ಇರಲಿಲ್ಲ, ನಾನು ತಮಾಷೆ ಮಾಡುತ್ತಿದ್ದೇನೆಂದೇ ತಿಳಿದಿದ್ದರು. “ಏನ್ರಿ ಅಕ್ಕೋರ, ನಮ್ಮ ಅಜ್ಜನ ಕಾಲದಿಂದ ಈ ಗೂಟಕ್ಕ ಕುದುರಿ ಕಟ್ಟೀವಿ. ಕುದುರಿ ಹತ್ತಿದಾವ ಇಳದು ಲದ್ದಿ ಬಳದದ್ದು ಎಲ್ಲೆರ ಕೇಳೀರೇನು?” ಕಟ್ಟೆಯೆಲ್ಲ ನಕ್ಕಿತು.

ನನಗೆ ಮೂಗಿನ ತುದಿಯಲ್ಲೇ ಕೋಪ. ಆ ದಿನದ ಲದ್ದಿಯನ್ನು ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು, ಊರ ನಡುವಿನ ದಾರಿಯಲ್ಲೇ ಹೋಗಿ ಗೌಡರ ವಾಡೆಯ ಹೊಸ್ತಿಲ ಮುಂದೆ ಇಟ್ಟೆ. ಇವತ್ತು ರಾಮಾಯಣವೇ ಆಗಲಿ ಎಂದುಕೊಂಡೆ. ಗೌಡಸಾನಿಯವರು ಹೊರಗೆ ಬಂದರು, ನೋಡಿದರು. “ಅಯ್ಯ, ಅಕ್ಕೋರ, ನೀವ್ಯಾಕ ತ್ರಾಸು ತಗೊಂಡ್ರಿ? ಹಿತ್ತಲ ತಿಪ್ಪ್ಯಾಗ ಹಾಕಿ ಬರ್ರಿ, ಚಾ ಇಡ್ತೀನಿ” ಎಂದು ಒಳಗೆ ಹೋದರು. ಅಷ್ಟು ಮರ್ಯಾದೆಯ ಮಾತಿಗೆ ಏನು ಜಗಳ ಮಾಡುವುದು? ತಿಪ್ಪೆಗೆ ಹಾಕಿದೆ, ಕೈ ತೊಳೆದೆ, ಚಹಾ ಕುಡಿದೆ. ಹೊರಡುವಾಗ ಅವರು ಒಂದು ಹೊಸ ಬುಟ್ಟಿಯನ್ನೇ ಕೈಗೆ ಕೊಟ್ಟರು, ದಿನಾ ತರಲು ಅನುಕೂಲವಾಗಲಿ ಎಂದು. ಕೋಲು ಕೊಟ್ಟು ಹೊಡೆಸಿಕೊಂಡಂತಾಯಿತು ನನ್ನ ಕಥೆ. ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡು ಬಂದೆ.

ಮೂರನೆಯ ಸಲ ಹಿರಿಯರನ್ನೇ ಹಿಡಿದೆ. ಕಟ್ಟೆಯ ಮೇಲೆ ಎಲ್ಲರೂ ಕೂತಿದ್ದಾಗ ಕೇಳಿದೆ, “ಊರ ಬಯಲಾಗ ಬಿದ್ದ ಲದ್ದಿ ಯಾರು ತಗೀಬೇಕು, ನೀವ ಹೇಳ್ರಿ.” ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೌಡರೇ ಉತ್ತರ ಕೊಟ್ಟರು, ಅದೂ ನಮ್ಮ ಹೆಂಗಸರ ಕಾನೂನನ್ನೇ ಎತ್ತಿಕೊಂಡು.

“ಸಗಣಿ ಕಾಯದೆ ಏನೈತಿ ಲದ್ದೀಗೂ ಅದ ಐತಿ. ಬಿದ್ದದ್ದು ಬೀದೀದು. ಕಡ್ಡಿ ಇಟ್ಟಾವ್ರದು. ನನ್ನ ಕುದುರಿ ಹಾಕ್ತು ಅಂದ್ರ ಅದು ನಂದು ಅಲ್ಲ. ನಿಮಗ ಬೇಕಂದ್ರ ನೀವ ಕಡ್ಡಿ ಇಡ್ರಿ ಅಕ್ಕೋರ.”

ಮತ್ತೆ ನಗೆ. ಆ ನಗೆ ನಿಲ್ಲುವ ಮೊದಲೇ ನಾನು ಕೆಳಗೆ ಬಿದ್ದಿದ್ದ ಒಂದು ಬೇವಿನ ಕಡ್ಡಿ ಎತ್ತಿಕೊಂಡು ಹೋಗಿ ಲದ್ದಿಯ ಮೇಲೆ ಇಟ್ಟೆ. “ಇಟ್ಟೆ ನೋಡ್ರಿ. ಇನ್ನ ಇದು ನಂದು” ಅಂದೆ. ಮುಂದೇನು ಮಾಡುವುದೆಂದು ಆಗ ನನಗೂ ಗೊತ್ತಿರಲಿಲ್ಲ. ಸಿಟ್ಟಿನಲ್ಲಿ ಮಾಡಿದ ಕೆಲಸಕ್ಕೆ ಅರ್ಥವನ್ನು ಆಮೇಲೆ ಹುಡುಕಬೇಕಾಗುತ್ತದೆ.

ಚಾವಡಿಯ ಹಿಂದೆ ಮುಳ್ಳುಕಂಟಿ ಬೆಳೆದ ತುಂಡು ಜಾಗವಿತ್ತು. ಬಾಲವಾಡಿಯ ಅಡುಗೆ ಮಾಡುತ್ತಿದ್ದ ಮುದುಕಿಯೂ ನಾನೂ ಸೇರಿ ಕಂಟಿ ಕಡಿದು ಒಂದು ಗುಂಡಿ ತೋಡಿದೆವು. ದಿನಾ ಲದ್ದಿ ಬಿದ್ದ ತಕ್ಷಣ ಕಡ್ಡಿ, ಕಡ್ಡಿಯ ಹಿಂದೆ ಬುಟ್ಟಿ, ಬುಟ್ಟಿಯಿಂದ ಗುಂಡಿಗೆ. ಅಲ್ಲೇ ತರಕಾರಿ ಬೆಳೆಯುವ ಅವಸರದಲ್ಲಿ ಹಸಿ ಲದ್ದಿಯಲ್ಲೇ ಹೀರೇಬೀಜ ಊರಿದೆ, ಮೊಳಕೆಯೆಲ್ಲ ಬೆಂದುಹೋಯಿತು. ಕುರಿ ಕಾಯುವ ಮನೆತನದಲ್ಲಿ ಹುಟ್ಟಿದ ಆ ಮುದುಕಿ ತಲೆ ಚಚ್ಚಿಕೊಂಡಳು. “ಕುದುರಿ ಲದ್ದಿ ಬಿಸಿ ಇರ್ತೈತಿ ಬೇ. ಅದು ತಣ್ಣಗಾಗಬೇಕು, ನೀನೂ ತಣ್ಣಗಾಗಬೇಕು. ಮಳಿ ತನಕ ಸುಮ್ಮಕಿರು.”

ಸುಮ್ಮನಿರುವುದು ಸುಲಭವಿರಲಿಲ್ಲ. ಬಯಲು ಸ್ವಚ್ಛವಾಯಿತು, ನೊಣ ಹೋದವು, ಆದರೆ ಬಿಟ್ಟುಹೋದ ಮಕ್ಕಳಲ್ಲಿ ಅರ್ಧದಷ್ಟೇ ಬಂದರು. ಉಳಿದವರು ಯಾಕೆ ಬರಲಿಲ್ಲವೆಂದು ಮನೆಮನೆಗೆ ಹೋಗಿ ಕೇಳಿದರೆ ಒಬ್ಬ ತಾಯಿ ಸುತ್ತು ಬಳಸದೆ ಹೇಳಿದಳು. “ಸಿಟ್ಟಾಗಬ್ಯಾಡ್ರಿ ಅಕ್ಕೋರ. ಲದ್ದಿ ಬಳದ ಕೈಲೆ ನೀವು ಉಪ್ಪಿಟ್ಟು ಬಡಸ್ತೀರಿ. ನನ್ನ ಮಗ ಒಲ್ಲೆ ಅಂತಾನ.” ಅವಳ ಮಗನಿಗೆ ನಾಲ್ಕು ವರ್ಷ. ಒಲ್ಲೆ ಅಂದವನು ಅವನಲ್ಲವೆಂದು ನನಗೂ ಗೊತ್ತಿತ್ತು. ಬೆಳಗ್ಗೆ ಎದ್ದು ಸಗಣಿಯಲ್ಲಿ ನೆಲ ಸಾರಿಸಿ ಅದೇ ಕೈಯಿಂದ ರೊಟ್ಟಿ ಬಡಿಯುವವರು ನನಗೆ ಈ ಮಾತು ಹೇಳುತ್ತಿದ್ದರು. ನನ್ನ ಬೆನ್ನ ಹಿಂದೆ ಲದ್ದಿ ಅಕ್ಕೋರು ಅನ್ನುವ ಹೆಸರೂ ಹುಟ್ಟಿತ್ತು. ಆ ದಿನ ಖೋಲಿಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಲದ್ದಿ ಹೋದರೆ ಸಾಲದು, ಅದನ್ನು ಎತ್ತುವ ಕೈ ನನ್ನದಾಗಿರಬಾರದು ಎಂದು ಅವತ್ತು ತಿಳಿಯಿತು.

ಮಳೆ ಬಿತ್ತು. ಕಳಿತು ಕಪ್ಪಾದ ಲದ್ದಿಯನ್ನು ಮಣ್ಣಿಗೆ ಬೆರೆಸಿ ಹೀರೆ, ಕುಂಬಳ, ಬದನೆ ಹಾಕಿದೆವು. ಶ್ರಾವಣದ ಹೊತ್ತಿಗೆ ಹೀರೇಬಳ್ಳಿ ಚಾವಡಿಯ ಹಿಂಗೋಡೆ ಹತ್ತಿ ಹೆಂಚಿನ ಮೇಲೆ ಹರಡಿತು. ಮೊಳಕೈಯುದ್ದದ ಕಾಯಿಗಳು ಜೋತುಬಿದ್ದವು. ದಾರಿಯಲ್ಲಿ ಹೋಗುವವರು ನಿಂತು ನೋಡತೊಡಗಿದರು. “ಅಕ್ಕೋರ ಹೀರೀಕಾಯಿ ನೋಡೀರೇನು?” ಎಂಬ ಮಾತು ಕಟ್ಟೆಯ ಮೇಲೂ ಶುರುವಾಯಿತು. ಗೌಡರಿಗೆ ಆ ಮಾತು ಕೇಳಿದಾಗಲೆಲ್ಲ ಪೇಪರಿನ ಸಾಲು ತಪ್ಪುತ್ತಿದ್ದುದನ್ನು ನಾನು ಪಡಸಾಲೆಯಿಂದಲೇ ಗಮನಿಸಿದ್ದೆ.

ಹೇಳಿದಂತೆ ಮೇಲ್ವಿಚಾರಕಿ ಬಂದರು. ಕಟ್ಟೆ ತುಂಬಿತ್ತು, ನಾಲ್ಕಾರು ತಾಯಂದಿರೂ ನಿಂತಿದ್ದರು. ಮೇಲ್ವಿಚಾರಕಿ ಚಾವಡಿಯ ಹಿಂದಿನ ತೋಟ ನೋಡಿ ಬಂದು ಬಯಲಲ್ಲೇ ಕೇಳಿದರು. “ಇಷ್ಟು ಚಂದ ಹೆಂಗ ಬೆಳಸಿದ್ರಿ? ಏನ್ ಗೊಬ್ಬರ ಹಾಕೀರಿ?”

ನಾನು ಬಾಯಿ ತೆರೆಯುವ ಮೊದಲೇ ಗೌಡರು ಕಟ್ಟೆಯಿಂದ ಇಳಿದು ಬಂದರು. “ನಮ್ಮ ಕುದುರಿದ್ರಿ ಬಾಯಾರ. ಅಗದಿ ಮೇಲಿನ ಗೊಬ್ಬರ. ಅಕ್ಕೋರು ಬೀಜಾ ಹಾಕ್ಯಾರ, ಇಲ್ಲನ್ನಂಗಿಲ್ಲ. ಆದ್ರ ಕಾಯಿ ಬಿಟ್ಟದ್ದು ನಮ್ಮ ಲದ್ದಿಗೆ.”

ನನ್ನ ಕೋಪ ಮತ್ತೆ ಮೂಗಿನ ತುದಿಗೆ ಬಂತು. ಆದರೆ ಮುದುಕಿ ಹೇಳಿದ್ದು ನೆನಪಿತ್ತು, ತಣ್ಣಗೇ ಕೇಳಿದೆ.

“ಯಾರ ಲದ್ದಿ ಅಂದ್ರಿ ಗೌಡ್ರ?”

“ನಮ್ಮದ್ರಿ. ಮತ್ಯಾರದು? ಈ ಊರಾಗ ಮತ್ಯಾರ ಮನ್ಯಾಗ ಕುದುರಿ ಐತಿ?”

“ಯುಗಾದಿ ಮುಂದ ಇದ ಕಟ್ಟಿ ಮ್ಯಾಲೆ ಕುಂತು, ಬಿದ್ದದ್ದು ಬೀದೀದು, ಕಡ್ಡಿ ಇಟ್ಟಾವ್ರದು ಅಂದ್ರಿ. ನಾ ಎಲ್ಲಾರ ಮುಂದ ಕಡ್ಡಿ ಇಟ್ಟೆ. ಲದ್ದಿ ನಂದಾದ್ರ ಕಾಯಿ ನಂದು, ಹೆಸರೂ ನಂದು. ನಿಮ್ಮದು ಅಂತೀರೇನು, ಹೆಸರು ನೀವ ತಗೋರಿ, ನಂದೇನೂ ತಕರಾರಿಲ್ಲ. ಆದ್ರ ನಿಮ್ಮ ಲದ್ದಿ ನೀವ ಎತ್ತಬೇಕು. ಎರಡರಾಗ ಒಂದು ಹೇಳ್ರಿ.”

ಎಲ್ಲರಿಗಿಂತ ಹಿರಿಯನಾದ, ನಾಲ್ಕೈದು ತಿಂಗಳಿಂದ ಈ ವಿಷಯದಲ್ಲಿ ತುಟಿ ಬಿಚ್ಚದಿದ್ದ ಒಬ್ಬ ಅಜ್ಜ ಬಾಯೊಳಗಿನ ಎಲೆ ಉಗುಳಿ ಬಂದು ಕೂತ. “ಅಕ್ಕೋರು ಹೇಳೂದು ಬರೊಬ್ಬರಿ ಐತಿ ಗೌಡ. ಆವತ್ತು ನೀ ಅಂದದ್ದು ನಾವೆಲ್ಲಾ ಕೇಳೀವಿ. ಈಗ ಹೇಳು, ನಿಂದೋ ಬೀದೀದೋ?”

ಬೀದಿಯದು ಅಂದಿದ್ದರೆ ಅವರು ಪಾರಾಗುತ್ತಿದ್ದರು. ಆದರೆ ಈಗಷ್ಟೇ ಮೇಲ್ವಿಚಾರಕಿಯ ಎದುರು ನಮ್ಮದು ಎಂದು ಎದೆ ಉಬ್ಬಿಸಿದ ಮನುಷ್ಯ ಅದು ಹೇಗೆ ಅಂದಾರು? ಮೇಲಾಗಿ ಹೀರೇಕಾಯಿಗಳು ಹೆಂಚಿನಿಂದ ಇಣುಕುತ್ತಿದ್ದವು.

“ನಂದು” ಎಂದರು. ಸ್ವಲ್ಪ ತಡೆದು, “ಆತ್ ಬಿಡ್ರಿ, ನಾಳಿಂದ ಆಳಿಗೆ ಹೇಳ್ತೀನಿ.”

“ಆಳು ಕುದುರಿ ಹತ್ತಿ ಬರಂಗಿಲ್ಲಲ್ರಿ ಗೌಡ್ರ. ಹತ್ತಿದವರು ಎತ್ತಲಿ.”

ಇಷ್ಟು ಧೈರ್ಯ ನನಗೆ ಎಲ್ಲಿಂದ ಬಂತೋ ಗೊತ್ತಿಲ್ಲ. ಗೌಡರು ಕುದುರೆ ಬಿಚ್ಚಿಕೊಂಡು ಹೋದರು. ಮೇಲ್ವಿಚಾರಕಿ ನಗು ತಡೆಯಲು ಸೆರಗನ್ನು ಬಾಯಿಗೆ ಹಿಡಿದಿದ್ದರು. “ಇನ್ನೊಂದು ತಿಂಗಳು ನೋಡೂಣ್ರಿ” ಎಂದು ಹೇಳಿ ಬಸ್ಸಿಗೆ ಹೊರಟರು.

ಮರುದಿನ ಹತ್ತು ಗಂಟೆಗೆ ಊರಿನವರಿಗೆಲ್ಲ ಚಾವಡಿಯ ಕಡೆಯೇ ಕೆಲಸವಿತ್ತು. ಗೌಡರು ಬಂದರು. ಜೀನಿಗೆ ಒಂದು ಬುಟ್ಟಿ ಕಟ್ಟಿತ್ತು. ಕುದುರೆ ತನ್ನ ಕೆಲಸ ಮುಗಿಸಿದ ಮೇಲೆ ಅವರು ಪೇಪರು ಮಡಚಿಟ್ಟು, ಧೋತರದ ಚುಂಗು ಎತ್ತಿ ಸಿಕ್ಕಿಸಿ, ಯಾರ ಮುಖವನ್ನೂ ನೋಡದೆ ಬಗ್ಗಿ ಲದ್ದಿ ತುಂಬಿ, ನಡೆದುಹೋಗಿ ನನ್ನ ಗುಂಡಿಗೆ ಸುರಿದರು. ಯಾರೂ ನಗಲಿಲ್ಲ. ನಾನು ಮಾತ್ರ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮನಸಾರೆ ನಕ್ಕೆ. ಅಂಥ ಸಂತೋಷ ನನಗೆ ಮದುವೆಯಲ್ಲೂ ಆಗಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ಗೌಡರ ಬಗ್ಗೆಯೂ ಒಂದು ಮಾತು ಹೇಳಬೇಕು. ಒಪ್ಪಿಕೊಂಡ ಕೆಲಸವನ್ನು ಅವರು ಒಂದು ದಿನವೂ ತಪ್ಪಿಸಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ಬೆಳಗ್ಗೆ ಬುಟ್ಟಿ ಮರೆತು ಬಂದಿದ್ದರು. ಕುದುರೆ ಬಯಲಿನ ನಡುವೆಯೇ ಲದ್ದಿ ಹಾಕಿತು. ಗೌಡರು ಅತ್ತ ಇತ್ತ ನೋಡಿದರು. ಆಮೇಲೆ ಬೇವಿನ ಗಿಡದಿಂದ ಒಂದು ಕಡ್ಡಿ ಮುರಿದು, ಬಗ್ಗಿ ಲದ್ದಿಯ ಮೇಲೆ ಇಟ್ಟು, ಬುಟ್ಟಿ ತರಲು ಮನೆಗೆ ನಡೆದರು. ಅಷ್ಟರಲ್ಲಿ ಆ ತಾಯಿ, ಅದೇ ನನ್ನ ಕೈಯ ಮಾತು ಆಡಿದವಳು, ಮಗನನ್ನು ಬಿಡಲು ಬಂದಳು. ಪಡಸಾಲೆ ಮತ್ತೆ ತುಂಬಿ ಬಾಲವಾಡಿ ಊರಲ್ಲೇ ಉಳಿದಿತ್ತು, ಅವನೂ ಬರತೊಡಗಿ ಆಗಲೇ ಎರಡು ತಿಂಗಳಾಗಿತ್ತು.

“ಈ ಕಡ್ಡಿ ಯಾರದ್ರಿ ಅಕ್ಕೋರ?” ಎಂದು ಕೇಳಿದಳು.

“ಗೌಡ್ರದು” ಅಂದೆ.

ಅವಳು ಸೆರಗು ಸರಿಪಡಿಸಿಕೊಂಡು ಕಡ್ಡಿಯನ್ನು ಸುತ್ತುಹಾಕಿ ಬಂದಳು. ನಾನು ಅವಳ ಮಗನ ತಾಟಿಗೆ ನನ್ನ ಕೈಯಾರೆ ಉಪ್ಪಿಟ್ಟು ಬಡಿಸಿದೆ. ಅವನು ಇನ್ನೂ ಬೇಕೆಂದ.